119ನೇ ಕೀರ್ತನೆಯ ಎಂಟು ಪದಗಳು: 25 ದಿನಗಳ ಓದಿಗೆ ಒಂದು ಕ್ರಮ

119ನೇ ಕೀರ್ತನೆಯನ್ನು ಒಂದೇ ಪಟ್ಟಿಗೆ ಓದಿ ಮುಗಿಸಲು ಹೊರಟವರು ಸಾಮಾನ್ಯವಾಗಿ ನಲವತ್ತು, ಐವತ್ತನೇ ವಚನದ ಹೊತ್ತಿಗೆ ದಣಿಯುತ್ತಾರೆ. ಧರ್ಮಶಾಸ್ತ್ರ, ಕಟ್ಟಳೆ, ನಿಯಮ, ನಿಬಂಧನೆ, ಆಜ್ಞೆ, ವಿಧಿ, ವಾಕ್ಯ, ನುಡಿ. ದೇವರ ವಾಕ್ಯವನ್ನು ಹೆಸರಿಸುವ ಇವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಹೇಳಿದ್ದನ್ನೇ ಹೇಳುತ್ತಿರುವ ಹಾಗೆ ಕೇಳಿಸುತ್ತದೆ. ಇದಕ್ಕೆ ಕಾರಣ ಓದುವ ವೇಗ. ಇಡೀ ಬೈಬಲಿನಲ್ಲೇ ಅತಿ ಉದ್ದದ ಅಧ್ಯಾಯವಾದ ಈ ಕೀರ್ತನೆಯ 176 ವಚನಗಳನ್ನು ಎಂಟೆಂಟರಂತೆ 22 ಚರಣಗಳಾಗಿ ಕಟ್ಟಲಾಗಿದೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಒಂದೊಂದು ಚರಣ, ಒಂದು ಚರಣದ ಎಂಟೂ ವಚನಗಳು ಅದೇ ಅಕ್ಷರದಿಂದ ಶುರು. ನಮ್ಮ ಹಳೆಯ ಕಾವ್ಯದ ಪ್ರಾಸ ಎರಡನೇ ಅಕ್ಷರದಲ್ಲಿ ಕೂತಿರುತ್ತದೆ, ಅವರ ಲೆಕ್ಕ ಮೊದಲ ಅಕ್ಷರದ್ದು. ಅಷ್ಟು ನಿಧಾನವಾಗಿ ನೇಯ್ದದ್ದನ್ನು ದಿನಕ್ಕೊಂದು ಚರಣದಂತೆ ಓದುವುದೇ ಸರಿ.

ಈ ಕ್ರಮದಲ್ಲಿ ನಾವು ಮುಖ್ಯವಾಗಿ ಹೇಳಬಯಸುವುದು ಒಂದು ಮಾತು. ಎಂಟು ಪದಗಳ ಅರ್ಥವನ್ನು ಬರೀ ನಿಘಂಟಿನಲ್ಲಿ ಹುಡುಕಿದರೆ ಸಾಲದು, ಪ್ರತಿ ಪದದ ಪಕ್ಕದಲ್ಲಿರುವ ಕ್ರಿಯಾಪದವನ್ನು ಹಿಡಿಯಬೇಕು. ಆ ವಾಕ್ಯ ತನಗೆ ಏನು ಮಾಡಿತು, ಏನು ಮಾಡಬೇಕು ಎಂಬುದನ್ನು ಕೀರ್ತನೆಗಾರ ಹೇಳಿಕೊಳ್ಳುವುದು ಆ ಕ್ರಿಯಾಪದದಲ್ಲೇ.

ಬೇಕಾದ ಸಾಮಾನು

100 ಪುಟದ ಒಂದು ಗೆರೆ ಹಾಕಿದ ನೋಟ್‌ಬುಕ್, 12 ಬಣ್ಣದ ಪೆನ್ಸಿಲ್ ಡಬ್ಬಿ, ಎರಡು ಬೇರೆ ಬೇರೆ ಭಾಷಾಂತರದ ಕನ್ನಡ ಬೈಬಲು. ಸ್ಕೆಚ್ ಪೆನ್ ಬೇಡ. ಬೈಬಲಿನ ಕಾಗದ ತೆಳು, ಬಣ್ಣ ಹಿಂದಿನ ಪುಟಕ್ಕೆ ಇಳಿದು ಅಲ್ಲಿಯ ವಚನಗಳೂ ಹಾಳಾಗುತ್ತವೆ. ಬೈಬಲಿನ ಮೇಲೇ ಗುರುತು ಹಾಕುವ ಬದಲು ಎಂಟು ವಚನಗಳನ್ನು ಕೈಯಲ್ಲಿ ನಕಲು ಮಾಡಿ ಅದರ ಮೇಲೆ ಬಣ್ಣ ಹಚ್ಚುವುದು ಇನ್ನೂ ಒಳ್ಳೆಯದು. ಸುಮಾರು ಕಾಲು ಗಂಟೆಯ ಕೆಲಸ. ಬರೆಯುವಾಗ ಕಣ್ಣು ಯಾವ ಪದವನ್ನೂ ಹಾರಿಹೋಗಲಾರದು.

ಎರಡು ಭಾಷಾಂತರ ಯಾಕೆಂದರೆ, ಕನ್ನಡದ ಒಂದು ಪದಕ್ಕೆ ಹೀಬ್ರೂವಿನ ಒಂದೇ ಪದ ಎಂಬ ಕಟ್ಟುನಿಟ್ಟು ಯಾವ ಭಾಷಾಂತರದಲ್ಲೂ ಇಲ್ಲ. ಒಂದು ವಚನದಲ್ಲಿ ‘ನಿಬಂಧನೆ’ ಎಂದದ್ದು ಇನ್ನೊಂದರಲ್ಲಿ ‘ವಿಧಿ’ ಆಗಿರಬಹುದು. ಹೀಬ್ರೂ ಬಾರದವರೂ ಮೂಲಪದವನ್ನು ಗುರುತಿಸಲು ಸ್ಟ್ರಾಂಗ್ ಸಂಖ್ಯೆಗಳಿವೆ (ಬೈಬಲಿನ ಒಂದೊಂದು ಮೂಲಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ), ಉಚಿತ ಬೈಬಲ್ ಆ್ಯಪ್‌ಗಳಲ್ಲೂ ಸಿಗುತ್ತವೆ. ಮೊದಲಿಗೆ ಹೇಳಿದ ಎಂಟು ಕನ್ನಡ ಪದಗಳ ಹೀಬ್ರೂ ಮೂಲಗಳನ್ನು ಅದೇ ಕ್ರಮದಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದುಕೊಳ್ಳಿ: ತೋರಾ 8451, ಎದೋತ್ 5713 ಮತ್ತು 5715, ಪಿಕ್ಕುದೀಮ್ 6490, ಹುಕ್ಕೀಮ್ 2706, ಮಿಟ್ಸ್ವೋತ್ 4687, ಮಿಶ್ಪಾಟೀಮ್ 4941, ದಾವಾರ್ 1697, ಇಮ್ರಾ 565. ಪ್ರತಿಯೊಂದಕ್ಕೂ ಒಂದು ಬಣ್ಣ. 16ನೇ ವಚನದಲ್ಲಿ 2708 ಎಂದು ಕಂಡರೆ ಗಾಬರಿ ಬೇಡ, ಅದು ಹುಕ್ಕೀಮಿನ ಒಡಹುಟ್ಟಿದ ರೂಪ. ಅದೇ ಬಣ್ಣ ಹಚ್ಚಿ.

ಮೊದಲ ದಿನ: 19ನೇ ಕೀರ್ತನೆಯಲ್ಲಿ ಕೈ ಪಳಗಿಸಿ

ನೇರವಾಗಿ 119ಕ್ಕೆ ಹೋಗಬೇಡಿ. 19ನೇ ಕೀರ್ತನೆಯ 7ರಿಂದ 9ನೇ ವಚನ ತೆಗೆಯಿರಿ. ಅಲ್ಲಿ ಆರು ಪದಗಳು ಸಾಲಾಗಿ ನಿಂತಿವೆ: ತೋರಾ, ಸಾಕ್ಷಿ, ನಿಯಮ, ಆಜ್ಞೆ, ಭಯ, ನ್ಯಾಯತೀರ್ಪು. ಪುಟವನ್ನು ಮೂರು ಕಂಬ ಮಾಡಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದು ಎಂಥದ್ದು, ಮೂರನೆಯದರಲ್ಲಿ ಅದು ಏನು ಮಾಡುತ್ತದೆ. ತೋರಾ ಸಂಪೂರ್ಣವಾದದ್ದು, ಪ್ರಾಣವನ್ನು ಮರಳಿ ತರುತ್ತದೆ. ಸಾಕ್ಷಿ ನಂಬತಕ್ಕದ್ದು, ಅರಿಯದವನಿಗೆ ಜಾಣತನ ಕೊಡುತ್ತದೆ. ನಿಯಮ ನೆಟ್ಟಗಿರುವಂಥದ್ದು, ಹೃದಯಕ್ಕೆ ಸಂತೋಷ. ಆಜ್ಞೆ ನಿರ್ಮಲವಾದದ್ದು, ಕಣ್ಣಿಗೆ ಬೆಳಕು. ಐದನೆಯ ಸಾಲಿಗೆ ಬಂದಾಗ ಮೂರನೇ ಕಂಬ ತುಂಬುವುದು ಕಷ್ಟವಾಗುತ್ತದೆ. ಭಯದ ಬಗ್ಗೆ ಹೇಳುವುದು ಅದು ಶುದ್ಧವಾದದ್ದು, ಎಂದೆಂದಿಗೂ ನಿಲ್ಲುವಂಥದ್ದು ಎಂದು ಮಾತ್ರ. ಇಲ್ಲದ ಪರಿಣಾಮವನ್ನು ನೀವಾಗಿ ತುಂಬಬೇಡಿ, ಖಾಲಿ ಬಿಡಿ. ಮುಂದಿನ 22 ದಿನ ಈ ಶಿಸ್ತು ಬಹಳ ಕೆಲಸಕ್ಕೆ ಬರುತ್ತದೆ.

ಎಂಟು ಪದಗಳು, ಕನ್ನಡದ ಕಿವಿಗೆ

ಎರಡನೆಯ ದಿನದಿಂದ ಚರಣಗಳು ಶುರು. ಅದಕ್ಕೆ ಮೊದಲು ಈ ಭಾಗವನ್ನು ಒಮ್ಮೆ ಓದಿಕೊಳ್ಳಿ. ನಮ್ಮ ಬೈಬಲಿನ ಪದಗಳಿಗೆ ಚರ್ಚಿನ ಹೊರಗೆ ಬೇರೆ ಬದುಕಿದೆ, ಆ ಬದುಕಿನ ವಾಸನೆ ಓದಿನೊಳಗೂ ಬಂದುಬಿಡುತ್ತದೆ.

‘ಧರ್ಮಶಾಸ್ತ್ರ’ ಎಂದ ಕೂಡಲೇ ಮನಸ್ಸಿಗೆ ಬರುವುದು ಸ್ಮೃತಿಗ್ರಂಥ, ಪ್ರಾಯಶ್ಚಿತ್ತ, ದಂಡ. ಮೂಲದ ತೋರಾ ಎಂದರೆ ಮೊದಲಿಗೆ ಕಲಿಸುವುದು, ದಾರಿ ತೋರಿಸಿ ಹೇಳಿಕೊಡುವುದು. ಗುರುವಿಗೆ ಹೀಬ್ರೂವಿನಲ್ಲಿ ‘ಮೋರೆ’ ಎನ್ನುತ್ತಾರೆ, ಎರಡೂ ಒಂದೇ ಬಳ್ಳಿಯವು. ಜ್ಞಾನೋಕ್ತಿ 1:8ರಲ್ಲಿ ತಾಯಿ ಮಗನಿಗೆ ಹೇಳುವ ಬುದ್ಧಿಮಾತಿಗೂ ತೋರಾ ಎಂದೇ ಹೆಸರು. ಈ ಕೀರ್ತನೆಯಲ್ಲಿ ತೋರಾ 25 ಸಲ ಬರುತ್ತದೆ. ಅಷ್ಟೂ ಕಡೆ ಪಕ್ಕದಲ್ಲಿ ‘ಉಪದೇಶ’ ಎಂದು ಸಣ್ಣದಾಗಿ ಬರೆದು ಓದಿ ನೋಡಿ. ಅದನ್ನು ಎಷ್ಟೋ ಪ್ರೀತಿಸುತ್ತೇನೆ, ದಿನವೆಲ್ಲ ಅದೇ ಧ್ಯಾನ ಎನ್ನುವ 97ನೇ ವಚನ ಆಗ ವಿಚಿತ್ರವಾಗಿ ಕೇಳಿಸುವುದಿಲ್ಲ. 92ನೇ ವಚನ ಇನ್ನೂ ನೇರ: ಇದು ನನಗೆ ಆನಂದವಾಗಿರದಿದ್ದರೆ ಕಷ್ಟದಲ್ಲಿ ನಾಶವಾಗಿಹೋಗುತ್ತಿದ್ದೆ ಎನ್ನುತ್ತಾನೆ.

‘ಕಟ್ಟಳೆ’ ಎಂಬುದು ಊರಿನ ಕಟ್ಟುಕಟ್ಟಳೆಯನ್ನು ನೆನಪಿಸುತ್ತದೆ. (ಇಂಥ ಪದಗಳಿಗೆ ಕಿಟ್ಟೆಲರ ನಿಘಂಟು ನೋಡುವ ಅಭ್ಯಾಸ ಒಳ್ಳೆಯದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಅದನ್ನು ಮಾಡಿದವರು ಸ್ವತಃ ಒಬ್ಬ ಮಿಷನರಿ.) ಎದೋತ್ ಎಂಬುದಾದರೋ ‘ಸಾಕ್ಷಿ’ ಎಂಬ ಪದದ ಬಳಗ. ವಿಮೋಚನಕಾಂಡ 25:16ರಲ್ಲಿ ಮಂಜೂಷದೊಳಗೆ ಇಡಬೇಕೆಂದು ಹೇಳಿದ್ದಕ್ಕೂ ಇದೇ ಹೆಸರು: ದೇವರು ತನ್ನ ಬಗ್ಗೆ, ತನ್ನ ಜನರೊಂದಿಗಿನ ಒಡಂಬಡಿಕೆಯ ಬಗ್ಗೆ ಕಲ್ಲಿನ ಮೇಲೆ ಕೊಟ್ಟ ಸಾಕ್ಷ್ಯ. 23 ಮತ್ತು 24ನೇ ವಚನಗಳನ್ನು ಜೊತೆಯಾಗಿ ಓದಿ. ಅಧಿಕಾರಿಗಳು ಕೂತು ಅವನ ವಿರುದ್ಧ ಮಾತಾಡಿಕೊಳ್ಳುತ್ತಿದ್ದಾರೆ. ಅವರಿಗೆ ಸಭೆ ಇದೆ, ಇವನ ಪಕ್ಕದಲ್ಲಿ ಯಾರೂ ಇಲ್ಲ. ಆಗ ಅವನು, ನಿನ್ನ ಸಾಕ್ಷಿಗಳೇ ನನಗೆ ಆಲೋಚನೆ ಹೇಳುವ ಜನ ಎನ್ನುತ್ತಾನೆ. ಹೀಬ್ರೂವಿನಲ್ಲಿ ‘ಜನ’ ಎಂಬ ಪದವೇ ಇದೆ. ಒಂಟಿಯಾದವನಿಗೆ ವಾಕ್ಯವೇ ಸಲಹೆಗಾರರ ಮಂಡಳಿಯಾಯಿತು. 46ನೇ ವಚನಕ್ಕೆ ಬಂದರೆ ಇದೇ ಪದ ಅವನನ್ನು ಅರಸರ ಮುಂದೆ ನಾಚದೆ ಮಾತಾಡಿಸುತ್ತದೆ.

ಪಿಕ್ಕುದೀಮ್, ‘ನಿಯಮ’, ಇಡೀ ಬೈಬಲಿನಲ್ಲಿ ಕೀರ್ತನೆಗಳಲ್ಲಿ ಮಾತ್ರ ಬರುವ ಪದ. 24 ಸಲ, ಅದರಲ್ಲಿ 21 ಇಲ್ಲೇ. ಇದರ ಹಿಂದಿರುವ ಕ್ರಿಯಾಪದಕ್ಕೆ ಒಬ್ಬೊಬ್ಬರನ್ನೂ ಎಣಿಸಿ ನೋಡುವುದು, ವಿಚಾರಿಸಿಕೊಳ್ಳುವುದು, ಕೆಲಸ ವಹಿಸುವುದು ಎಂಬ ಅರ್ಥಗಳಿವೆ. ಸಣ್ಣಸಣ್ಣ ವಿವರದಲ್ಲೂ ಗಮನವಿಟ್ಟವನು ಕೊಟ್ಟ ಸೂಚನೆ ಎಂದುಕೊಳ್ಳಿ. ನಿಯಮ ಎಂದರೆ ಇಕ್ಕಟ್ಟು ಅನ್ನುವುದು ನಮ್ಮ ಅಭ್ಯಾಸ. 45ನೇ ವಚನ ತದ್ವಿರುದ್ಧ: ನಿನ್ನ ನಿಯಮಗಳನ್ನು ಹುಡುಕಿದ್ದರಿಂದ ವಿಶಾಲವಾದ ಜಾಗದಲ್ಲಿ ನಡೆಯುವೆನು.

‘ನಿಬಂಧನೆ’ ಎಂದರೆ ಇವತ್ತು ಬ್ಯಾಂಕ್ ಸಾಲದ ಕಾಗದದ ಕೊನೆಯಲ್ಲಿರುವ ಸಣ್ಣಕ್ಷರ. ಹುಕ್ಕೀಮ್ ಅದಲ್ಲ. ಅದು ಕೆತ್ತುವುದು ಎಂಬ ಕ್ರಿಯಾಪದದಿಂದ ಬಂದದ್ದು. ನಿಬಂಧನೆಗಿಂತ ‘ಶಾಸನ’ ಎಂಬ ಪದ ಇದಕ್ಕೆ ಹತ್ತಿರ ಎಂದು ನಮ್ಮ ಅಭಿಪ್ರಾಯ. ಕಲ್ಲಿನ ಮೇಲಿನ ಬರಹವನ್ನು ಊರೂರಲ್ಲಿ ಕಂಡ ಕನ್ನಡಿಗರಿಗೆ ಬೇರೆ ವಿವರಣೆ ಬೇಕಿಲ್ಲ. ಯೆಶಾಯ 49:16ರಲ್ಲಿ ದೇವರು ತನ್ನ ಅಂಗೈಯಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ ಎನ್ನುವಾಗಲೂ ಅದೇ ಕ್ರಿಯಾಪದ. ಈ ಕೆತ್ತಿದ ಮಾತೇ 54ನೇ ವಚನದಲ್ಲಿ ಪರಸ್ಥಳದ ವಾಸದಲ್ಲಿ ಹಾಡಾಗುತ್ತದೆ. ಊರು ಬಿಟ್ಟು ದೂರದಲ್ಲಿ ದುಡಿಯುವವರು ಆ ವಚನವನ್ನು ಬಿಡಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. 83ನೇ ವಚನದಲ್ಲಿ ಅವನು ಹೊಗೆಯಲ್ಲಿ ನೇತುಬಿದ್ದ ಬುದ್ದಲಿ, ಅಂದರೆ ತೊಗಲಿನ ಚೀಲ. ತೊಗಲು ಒಣಗಿ, ಸುಕ್ಕಾಗಿ, ಕಪ್ಪಿಟ್ಟಿದೆ. ಆದರೂ ಕೆತ್ತಿದ್ದನ್ನು ಮರೆತಿಲ್ಲ.

ಆಜ್ಞೆಗೆ, ಅಂದರೆ ಮಿಟ್ಸ್ವೋತ್‌ಗೆ, ಹೆಚ್ಚು ವಿವರಣೆ ಬೇಡ. ಅಪ್ಪಣೆ ಎಂದೇ ಅರ್ಥ. 32ನೇ ವಚನದಲ್ಲಿ ಓಡುವುದು, 60ರಲ್ಲಿ ತಡಮಾಡದಿರುವುದು. ಈ ಪದದ ಪಕ್ಕ ಕಾಲು ಬಹಳ ಸಲ ಚಲಿಸುತ್ತಿರುತ್ತದೆ.

ಹೆಚ್ಚು ಎಡವುವುದು ‘ವಿಧಿ’ಯಲ್ಲಿ. ಮಾತಿನಲ್ಲಿ ವಿಧಿ ಎಂದರೆ ಹಣೆಬರಹ. ವಿಧಿಯಾಟ, ವಿಧಿಯಿಲ್ಲದೆ ಎಂದು ದಿನಾ ಅನ್ನುತ್ತೇವೆ. ನಿನ್ನ ವಿಧಿಗಳಿಗಾಗಿ ಕೃತಜ್ಞತೆ ಎಂದು ಓದುವಾಗ, ಬಂದದ್ದನ್ನು ಅನುಭವಿಸು ಎಂಬ ಭಾವ ನಮಗೇ ತಿಳಿಯದೆ ನುಸುಳುತ್ತದೆ. ಮಿಶ್ಪಾಟೀಮ್ ಎಂದರೆ ನ್ಯಾಯಾಧಿಪತಿಯ ತೀರ್ಪುಗಳು. ಅನ್ಯಾಯಕ್ಕೊಳಗಾದವನು ಕಾಯುವುದು ತೀರ್ಪಿಗೆ. ಆದ್ದರಿಂದಲೇ ಅವನು 62ರಲ್ಲಿ ಮಧ್ಯರಾತ್ರಿ ಎದ್ದು ಸ್ತುತಿಸುತ್ತಾನೆ, 52ರಲ್ಲಿ ಹಳೆಯ ತೀರ್ಪುಗಳನ್ನು ನೆನೆದು ಸಮಾಧಾನ ಹೊಂದುತ್ತಾನೆ. 120ರಲ್ಲಿ ಅವೇ ತೀರ್ಪುಗಳಿಗೆ ಮೈ ನಡುಗುತ್ತದೆ. ಒಂದೇ ಪದ, ಎರಡು ಪರಿಣಾಮ. ಎರಡನ್ನೂ ಬರೆದುಕೊಳ್ಳಿ.

ಕೊನೆಯ ಎರಡು, ದಾವಾರ್ ಮತ್ತು ಇಮ್ರಾ, ‘ವಾಕ್ಯ’ ಮತ್ತು ‘ನುಡಿ’. ದಾವಾರ್ ಎಂದರೆ ಮಾತೂ ಹೌದು, ವಿಷಯವೂ ಹೌದು, ನಡೆದ ಸಂಗತಿಯೂ ಹೌದು. ವಿಮೋಚನಕಾಂಡ 34:28ರ ಹತ್ತು ಆಜ್ಞೆಗಳು ಮೂಲದಲ್ಲಿ ‘ಹತ್ತು ವಾಕ್ಯಗಳು’. 105ನೇ ವಚನದ ದೀಪ ಈ ದಾವಾರ್. ಅಂದಿನ ದೀಪ ಅಂಗೈಯಗಲದ ಮಣ್ಣಿನ ಹಣತೆ, ಮುಂದಿನ ಹೆಜ್ಜೆ ಕಾಣುವಷ್ಟು ಬೆಳಕು. ಇಮ್ರಾ 19 ಸಲ ಬರುತ್ತದೆ, ಹಲವು ಕಡೆ ‘ಕೊಟ್ಟ ಮಾತು’ ಎಂಬ ಛಾಯೆ ಇದೆ. ಇಲ್ಲಿ ಕನ್ನಡ ಅನುವಾದಕರ ಆಯ್ಕೆ ತುಂಬಾ ಸರಿಯಾಗಿ ಬಿದ್ದಿದೆ, ಯಾಕೆಂದರೆ ನಮ್ಮಲ್ಲೂ ನುಡಿ ಕೊಡುವುದು, ನುಡಿಗೆ ತಪ್ಪದಿರುವುದು ಎಂದೇ ಹೇಳುತ್ತೇವೆ. 103ರಲ್ಲಿ ಬಾಯಿಗೆ ಜೇನಿಗಿಂತ ಸಿಹಿಯಾದದ್ದು, 140ರಲ್ಲಿ ಪುಟಕ್ಕಿಟ್ಟು ಶೋಧಿಸಿದ್ದು, 11ರಲ್ಲಿ ಹೃದಯದಲ್ಲಿ ಬಚ್ಚಿಟ್ಟದ್ದು, ಎಲ್ಲವೂ ಈ ನುಡಿ.

2ರಿಂದ 23ನೇ ದಿನ: ದಿನಕ್ಕೊಂದು ಚರಣ

ಎದುರುಬದುರಿನ ಎರಡು ಪುಟ ಒಂದು ಚರಣಕ್ಕೆ. ಎಡಪುಟದಲ್ಲಿ ನಕಲು, ಬಲಪುಟದಲ್ಲಿ ಮೂರು ಕಂಬ: ಪದ, ಕ್ರಿಯಾಪದ, ಬರೆದವನ ಆಗಿನ ಸ್ಥಿತಿ. ಅರ್ಧ ಗಂಟೆ ಸಾಕು. ಒಂಬತ್ತನೆಯ ಚರಣವನ್ನು, 65ರಿಂದ 72, ಮಾದರಿಯಾಗಿ ಮಾಡಿ ತೋರಿಸುತ್ತೇವೆ.

ಇದು ‘ಟೇತ್’ ಅಕ್ಷರದ ಚರಣ. ಒಳ್ಳೆಯದು ಎಂಬುದಕ್ಕೆ ಹೀಬ್ರೂವಿನಲ್ಲಿ ‘ಟೋವ್’. ಎಂಟರಲ್ಲಿ ನಾಲ್ಕು ವಚನಗಳು, 65, 68, 71, 72, ಟೋವ್‌ನಿಂದಲೇ ಶುರು. 66 ಅದೇ ಪದದ ಇನ್ನೊಂದು ರೂಪದಿಂದ. ಅಂದಮೇಲೆ ಒಳ್ಳೆಯದು ಎಂದರೇನು ಎಂಬುದೇ ಇಲ್ಲಿನ ವಿಷಯ. ಬಣ್ಣಗಳು ಕ್ರಮವಾಗಿ ಹೀಗೆ ಬೀಳುತ್ತವೆ: ದಾವಾರ್, ಮಿಟ್ಸ್ವೋತ್, ಇಮ್ರಾ, ಹುಕ್ಕೀಮ್, ಪಿಕ್ಕುದೀಮ್, ತೋರಾ, ಮತ್ತೆ ಹುಕ್ಕೀಮ್, ಮತ್ತೆ ತೋರಾ. ಎದೋತ್, ಮಿಶ್ಪಾಟೀಮ್ ಇಲ್ಲ. ಪ್ರತಿ ಚರಣದಲ್ಲೂ ಎಂಟೂ ಪದ ಇರಲೇಬೇಕೆಂದು ಹುಡುಕುತ್ತಾ ಕೂರಬೇಡಿ.

ಈಗ ಮೂರನೇ ಕಂಬ. 67ರಲ್ಲಿ ಹಳೆಯ ಕಥೆ: ಕಷ್ಟ ಬರುವ ಮೊದಲು ದಾರಿ ತಪ್ಪಿದ್ದೆ, ಈಗ ನಿನ್ನ ನುಡಿಯನ್ನು ಕಾಯುತ್ತೇನೆ. 69ರಲ್ಲಿ ಇಂದಿನ ಸ್ಥಿತಿ: ಗರ್ವಿಗಳು ಸುಳ್ಳನ್ನು ಮೆತ್ತುತ್ತಿದ್ದಾರೆ. 70ರಲ್ಲಿ ಆ ಗರ್ವಿಗಳ ಹೃದಯ ಕೊಬ್ಬಿನಂತೆ ಮಂದ, ಏನೂ ನಾಟುವುದಿಲ್ಲ. 71ರಲ್ಲಿ ಅವನು ಹಿಂದಿನ ಕಷ್ಟಕ್ಕೆ ತಾನೇ ‘ಟೋವ್’ ಎಂದು ಹೆಸರಿಡುತ್ತಾನೆ, ಯಾಕೆಂದರೆ ಅದರಿಂದ ಕೆತ್ತಿದ ಮಾತನ್ನು ಕಲಿತ. 72ರಲ್ಲಿ ಸಾವಿರಾರು ಬೆಳ್ಳಿಬಂಗಾರಕ್ಕಿಂತ ದೇವರ ಬಾಯಿಂದ ಬಂದ ಉಪದೇಶ ಟೋವ್. ಇಲ್ಲಿ ಒಂದು ಎಚ್ಚರಿಕೆ. 71ನೇ ವಚನವನ್ನು ಕಷ್ಟದಲ್ಲಿರುವ ಇನ್ನೊಬ್ಬರ ಮುಂದೆ ಸಲಹೆಯಾಗಿ ಹೇಳುವುದುಂಟು. ಮೂಲದಲ್ಲಿ ಅದು ‘ನನಗೆ’ ಒಳ್ಳೆಯದಾಯಿತು ಎಂದಿದೆ. ಅನುಭವಿಸಿದವನು ತನ್ನ ಬಗ್ಗೆ, ಆಮೇಲೆ, ದೇವರಿಗೆ ಹೇಳಿದ ಮಾತು ಅದು. ಬೇರೆಯವರ ನೋವಿನ ಮೇಲೆ ಅದನ್ನು ಹೇರಬೇಡಿ.

ಸರ್ವನಾಮಕ್ಕೂ ಒಂದು ಗೆರೆ ಎಳೆಯಿರಿ. ಮೊದಲ ಮೂರು ವಚನ ದೇವರ ಬಗ್ಗೆ ಮಾತಾಡುತ್ತವೆ. ನಾಲ್ಕನೆಯದರಿಂದ ಮಾತು ದೇವರ ಕಡೆಗೇ ತಿರುಗುತ್ತದೆ: ನೀನು, ನಿನ್ನ. 115ರಲ್ಲಿ ಮಾತ್ರ ಕೆಡುಕರತ್ತ ಒಂದು ಕ್ಷಣ ತಿರುಗಿ ‘ನನ್ನ ದೇವರ ಆಜ್ಞೆ’ ಎನ್ನುತ್ತಾನೆ. ಉಳಿದಂತೆ ಎಲ್ಲವೂ ಪ್ರಾರ್ಥನೆ. ಹಾಗಾಗಿ ನಕಲು ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ, ದೇವರಿಗೇ ಹೇಳುವಂತೆ ಓದಿ.

ಎಲ್ಲಿ ತಪ್ಪುತ್ತದೆ

ಯಾವ ಬಣ್ಣವೂ ಬೀಳದ ವಚನ ಸಿಕ್ಕರೆ ನಿಮ್ಮ ಕೆಲಸ ಕೆಟ್ಟಿದೆ ಎಂದಲ್ಲ. 3 ಮತ್ತು 37ರಲ್ಲಿ ಇರುವುದು ದೇವರ ‘ಮಾರ್ಗಗಳು’, 90ರಲ್ಲಿ ‘ನಂಬಿಗಸ್ತಿಕೆ’. 122ರಲ್ಲಿ ಎಂಟರಲ್ಲಿ ಒಂದೂ ಇಲ್ಲ. ಅಲ್ಲಿ ಅವನು, ನನಗೆ ಹೊಣೆಯಾಗು, ಗರ್ವಿಗಳು ನನ್ನನ್ನು ಹಿಂಸಿಸದಿರಲಿ ಎಂದಷ್ಟೇ ಬೇಡುತ್ತಾನೆ. 132ರಲ್ಲಿ ಮಿಶ್ಪಾಟ್ ಇದೆ, ಆದರೆ ಅರ್ಥ ‘ವಾಡಿಕೆ’: ನಿನ್ನ ಹೆಸರನ್ನು ಪ್ರೀತಿಸುವವರಿಗೆ ನೀನು ಮಾಡುವ ವಾಡಿಕೆಯಂತೆ.

ಪದದ ಬೇರನ್ನು ಹಿಡಿದು ಮನೆ ಕಟ್ಟುವುದು ಇನ್ನೊಂದು ತಪ್ಪು. ಮೇಲೆ ನಾವೇ ಬೇರುಗಳನ್ನು ಹೇಳಿದ್ದೇವೆ, ಅವು ಕಿವಿಯನ್ನು ಚುರುಕು ಮಾಡಲಿಕ್ಕೆ. ಕವಿ ಎಂಟನ್ನೂ ಬಹುಪಾಲು ಒಂದೇ ವಸ್ತುವಿಗೆ ಬಳಸುತ್ತಾನೆ, ಒಂದನ್ನೇ ಎಂಟು ಕಡೆಯಿಂದ ನೋಡುತ್ತಾನೆ. ‘ಇದು ಕಟ್ಟಳೆ, ಇದು ನಿಯಮ, ಎರಡೂ ಬೇರೆ ಬೇರೆ ಖಾತೆ’ ಎಂದು ಗೋಡೆ ಎಬ್ಬಿಸಿದರೆ ಕೀರ್ತನೆ ಒಡೆದುಹೋಗುತ್ತದೆ.

ಹೊಸ ಒಡಂಬಡಿಕೆಗೆ ಹೋದಾಗ ಇದೇ ತಪ್ಪು ದೊಡ್ಡ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ‘ವಾಕ್ಯ’ಕ್ಕೆ ಬರುವ ಎರಡು ಗ್ರೀಕ್ ಪದಗಳಲ್ಲಿ ಲೋಗೋಸ್ ಎಂದರೆ ಬರೆದಿಟ್ಟ ವಾಕ್ಯ, ರೇಮಾ ಎಂದರೆ ಈಗ ನನಗೇ ಎಂದು ಬರುವ ಜೀವಂತ ವಾಕ್ಯ ಎಂದು ನಮ್ಮ ಸಭೆಗಳಲ್ಲಿ ಬಹಳ ಸಲ ಬೋಧಿಸುತ್ತಾರೆ. 1 ಪೇತ್ರ 1:23 ಮತ್ತು 25 ತೆಗೆದು ಸ್ಟ್ರಾಂಗ್ ಸಂಖ್ಯೆ ನೋಡಿ. 23ರಲ್ಲಿ ‘ಜೀವವುಳ್ಳ’ ವಾಕ್ಯ ಎಂದಿರುವುದು ಲೋಗೋಸ್, 3056. ಎರಡೇ ವಚನದ ನಂತರ ಸದಾಕಾಲ ನಿಲ್ಲುವ, ನಿಮಗೆ ಸಾರಿದ ವಾಕ್ಯ ರೇಮಾ, 4487. ಪೇತ್ರನ ಪತ್ರ ಎರಡನ್ನೂ ಒಂದೇ ಸುವಾರ್ತೆಗೆ ಬಳಸಿದೆ. ಇಬ್ರಿಯ 4:12ರಲ್ಲಿ ಸಜೀವವಾಗಿ ಇರಿಯುವುದೂ ಲೋಗೋಸೇ. ಈ ವಿಂಗಡಣೆಯಿಂದಾಗುವ ಹಾನಿ ಚಿಕ್ಕದಲ್ಲ: ಬರೆದಿಟ್ಟದ್ದನ್ನು ತಾಳ್ಮೆಯಿಂದ ಓದುವುದು ಎರಡನೇ ದರ್ಜೆಯ ಕೆಲಸ ಎಂಬ ಭಾವನೆ ಬಂದುಬಿಡುತ್ತದೆ.

ಪ್ರತಿದಿನವೂ ಮನಸ್ಸಿಗೆ ಏನಾದರೂ ಆಗಲೇಬೇಕು ಎಂದು ಕಾಯುವವರು ಹತ್ತನೇ ದಿನದ ಸುಮಾರಿಗೆ ಪುಸ್ತಕ ಮುಚ್ಚುತ್ತಾರೆ. ಅವರು 81ರಿಂದ 84ರವರೆಗೆ ಓದಲಿ. ಪ್ರಾಣ ಸೊರಗಿದೆ, ಕಣ್ಣು ಮಂಕಾಗಿದೆ, ಯಾವಾಗ ಸಂತೈಸುವೆ ಎಂಬ ಪ್ರಶ್ನೆಗೆ ಉತ್ತರ ಬಂದಿಲ್ಲ. ಅಂಥ ದಿನದ ಬಲಪುಟದಲ್ಲಿ ‘ಕಾಯುತ್ತಿದ್ದಾನೆ’ ಎಂಬುದೇ ಕ್ರಿಯಾಪದ.

24 ಮತ್ತು 25ನೇ ದಿನ: ಕೂಡಿಸಿ ನೋಡುವುದು

24ನೇ ದಿನ ನೋಟ್‌ಬುಕ್ಕನ್ನು ಹಿಂದಿನಿಂದ ತಿರುವಿ, ‘ಬದುಕಿಸು, ಚೈತನ್ಯ ಕೊಡು’ ಎಂಬ ಕ್ರಿಯಾಪದ ಬಂದ ವಚನಗಳನ್ನಷ್ಟೇ ಒಂದು ಹೊಸ ಪುಟಕ್ಕೆ ಇಳಿಸಿ. 25, 37, 40, 88, 107, 149, 154, 156, 159: ಈ ಒಂಬತ್ತೂ ಬೇಡಿಕೆ. 50 ಮತ್ತು 93 ಎರಡೇ ‘ನೀನು ಬದುಕಿಸಿದ್ದೀ, ನಿನ್ನ ನುಡಿ ಬದುಕಿಸಿದೆ’ ಎಂಬ ಸಾಕ್ಷಿ. ಒಂಬತ್ತು ಸಲ ಬೇಡಿ ಎರಡು ಸಲ ಸಿಕ್ಕಿತು ಎನ್ನುವವನ ಪ್ರಾಮಾಣಿಕತೆಯನ್ನು ಗಮನಿಸಿ. ಆಮೇಲೆ ಯಾವ ಆಧಾರದ ಮೇಲೆ ಬೇಡುತ್ತಾನೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. 25 ಮತ್ತು 107ರಲ್ಲಿ ವಾಕ್ಯ, 154ರಲ್ಲಿ ನುಡಿ, 149 ಮತ್ತು 156ರಲ್ಲಿ ನ್ಯಾಯ, 88 ಮತ್ತು 159ರಲ್ಲಿ ದೇವರ ಕೃಪೆ. ತನ್ನ ವಿಧೇಯತೆಯನ್ನು ಅವನು ಮುಚ್ಚಿಡುವುದಿಲ್ಲ, ಆದರೆ ‘ಅದಕ್ಕೆ ತಕ್ಕ ಹಾಗೆ ಬದುಕಿಸು’ ಎಂದು ಒಮ್ಮೆಯೂ ಕೇಳುವುದಿಲ್ಲ.

25ನೇ ದಿನ ಮೂರೇ ವಚನ: 2, 10, 176. ಮೂರರಲ್ಲೂ ‘ಹುಡುಕು’ ಎಂಬ ಅರ್ಥದ ಕ್ರಿಯಾಪದವಿದೆ. 2ರಲ್ಲಿ ದೇವರನ್ನು ಪೂರ್ಣಮನಸ್ಸಿನಿಂದ ಹುಡುಕುವವರು ಧನ್ಯರು. 10ರಲ್ಲಿ ನಾನು ನಿನ್ನನ್ನು ಹುಡುಕಿದ್ದೇನೆ, ತಪ್ಪಿಹೋಗಲು ಬಿಡಬೇಡ. 176 ವಚನಗಳ ಕೊನೆಗೆ, ತಪ್ಪಿಸಿಕೊಂಡ ಕುರಿಯಂತೆ ಅಲೆದಿದ್ದೇನೆ, ನಿನ್ನ ಸೇವಕನನ್ನು ಹುಡುಕು, ನಿನ್ನ ಆಜ್ಞೆಗಳನ್ನು ಮರೆತಿಲ್ಲ ಎನ್ನುತ್ತಾನೆ. ಬಲಪುಟದ ಕೊನೆಯ ಸಾಲಿನಲ್ಲಿ ಆ ಕ್ರಿಯಾಪದ ಬರೆದು, ಅದರ ಮುಂದೆ ಹುಡುಕಬೇಕಾದವನು ಯಾರು ಎಂಬುದನ್ನೂ ಬರೆಯಿರಿ.